ಹಿಂದಿನ ಓಣಿಯಿಂದ ಮಂಡೂರಿನವರೆಗೆ

ಬೆಂಗಳೂರಿನ ಕೋಟೆ, ಕೆರೆ, ಅರಮನೆಗಳ ಚರಿತ್ರೆಯನ್ನು ಶಾಲೆಯಲ್ಲಿ ಪಾಠ ಮಾಡ್ತೀವಿ. ಈ ಊರು ದಿನಾ ಹೊರಗೆ ಎಸೆದದ್ದನ್ನು ಹೊತ್ತವರು ಯಾರು? ಆ ಪಾಠ ಯಾವ ಪುಸ್ತಕದಲ್ಲಿದೆ?

1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಉಳ್ಳವರು ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳಿಗೆ ಹೋದರು. ಅಗಲ ರಸ್ತೆ, ಗಾಳಿ, ಬೆಳಕು. ಮಲ್ಲೇಶ್ವರದ ಮನೆಗಳ ಹಿಂದೆ ಸಣ್ಣ ಓಣಿಗಳೂ ಇದ್ದವು. ಕನ್ಸರ್ವೆನ್ಸಿ ಓಣಿ ಅಂತ ಅವುಗಳ ಹೆಸರು. ಕಕ್ಕಸಿನ ಮಲ ಎತ್ತುವವರು ಬಂದು ಹೋಗಲೆಂದೇ ಮಾಡಿದ ದಾರಿ ಅದು. ಮುಂಬಾಗಿಲಿಗೆ ರಂಗೋಲಿ, ಹಿಂಬಾಗಿಲಿಗೆ ಮಲದ ಬುಟ್ಟಿ. ಹಳ್ಳಿ ನಮ್ಮ ಕೇರಿಯನ್ನು ಊರಾಚೆ ಇಟ್ಟಿತ್ತು. ನಗರ ಅಸ್ಪೃಶ್ಯತೆಯನ್ನು ನಕ್ಷೆಯಲ್ಲೇ ಬರೆದುಕೊಂಡಿತು.

ತಲೆ ಮೇಲೆ ಮಲ ಹೊರುವುದು ನಿಲ್ಲಬೇಕೆಂದು 1970ರ ದಶಕದಲ್ಲಿ ಆಜ್ಞೆ ಮಾಡಿಸಿದವರು ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಹೇಳಿತು. ನಗರ ಬೆಳೀತು, ಕಸ ಬೆಳೀತು, ಕಾಯಂ ನೌಕರಿ ಮಾತ್ರ ಬೆಳೀಲಿಲ್ಲ. ನಡುವೆ ಗುತ್ತಿಗೆದಾರ ಬಂದು ಕೂತ. ಪೊರಕೆ ಹಿಡಿದ ಕೈ ಬಹುಪಾಲು ಅದೇ ಮಾದಿಗ ಹೆಣ್ಣುಮಕ್ಕಳ ಕೈ. ಹೋರಾಡಿ ಹೋರಾಡಿ, 2025ರ ಮೇ ದಿನದಂದು 12,692 ಜನಕ್ಕೆ ಬೆಂಗಳೂರಿನಲ್ಲಿ ಕಾಯಂ ಆದೇಶ ಸಿಕ್ಕಿತು. ಸಾಲಪ್ಪ ವರದಿ ಬಂದು ಆಗ 49 ವರ್ಷ!

ಇನ್ನು ಕಸ ಎಲ್ಲಿಗೆ ಹೋಯ್ತು ನೋಡಿ. ಯಲಹಂಕದ ಕಡೆ ಮಾವಳ್ಳಿಪುರ, ಪೂರ್ವಕ್ಕೆ ಮಂಡೂರು. ಅನ್ನ, ಪ್ಲಾಸ್ಟಿಕ್ಕು, ಗಾಜು, ಬ್ಯಾಟರಿ ಎಲ್ಲ ಒಂದೇ ಗುಡ್ಡೆ. ಗುಡ್ಡೆಯೊಳಗೆ ಗಾಳಿಯಿಲ್ಲದೆ ಕೊಳೆತ ಹಸಿ ಕಸ ಬೆಂಕಿ ಹತ್ತುವ ಅನಿಲ ಬಿಡುತ್ತದೆ. ಅದರ ಕಪ್ಪು ರಸ ನೆಲಕ್ಕಿಳಿದು ಬಾವಿ, ಕೆರೆ ಸೇರುತ್ತದೆ. ಹಳ್ಳಿಯವರು ಲಾರಿಗಳಿಗೆ ಅಡ್ಡ ನಿಂತರು. 2012ರಲ್ಲಿ ಮಾವಳ್ಳಿಪುರ ಮುಚ್ಚಿತು. 2014ರ ಕೊನೆಗೆ ಮಂಡೂರಿಗೆ ಲಾರಿ ನಿಂತಿತು.

ಆಗ ತಾನೇ ನಗರಕ್ಕೆ ಬುದ್ಧಿ ಬಂದದ್ದು. 2012ರ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರೆ ಮಾಡಿ ಅಂತ ಪಾಲಿಕೆ ಹೇಳಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಡಬ್ಬಿ, ಒಂದು ಚೀಲ ಅಂತ ಗೊತ್ತುಮಾಡಿತು: ಹಸಿ ಕಸಕ್ಕೊಂದು ಡಬ್ಬಿ, ಹೊಲಸು ಬಟ್ಟೆ, ಪ್ಯಾಡುಗಳಂಥದ್ದಕ್ಕೆ ಇನ್ನೊಂದು, ಒಣ ಕಸಕ್ಕೆ ಚೀಲ.

ಇದನ್ನು ಬರೀ ಪರಿಸರದ ಮಾತು ಅಂದುಕೊಳ್ಳಬೇಡಿ. ನೂರಾರು ವರ್ಷ ಬೇರೆಯವರ ಕೈಗೆ ನೂಕಿದ ಕೆಲಸವನ್ನು ಮಾಡಿದವನೇ ಮುಟ್ಟು ಅಂತ ಈ ಊರಿಗೆ ಹೇಳಿದ್ದು ಬಹುಶಃ ಇದೇ ಮೊದಲು. ಎಷ್ಟೋ ಮನೆಗಳು ಮೂಗು ಮುರಿದದ್ದು ಇದಕ್ಕೇ. ಎಲ್ಲ ಕಲಸಿ ಕೊಟ್ಟರೆ ಕಷ್ಟ ಏನು ಅಂತೀರಾ? ಒಡೆದ ಗಾಜು, ಸೂಜಿ, ರಕ್ತದ ಬಟ್ಟೆ ಆರಿಸೋದು ಇನ್ನೊಬ್ಬರ ಬರಿಗೈ.

ಮನೆ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ತೂತು ಮಾಡಿದ ಮಡಕೆಯಲ್ಲಿ ಸಿಪ್ಪೆ ಒಂದು ಪದರ, ಒಣ ಎಲೆ ಒಂದು ಪದರ ಹಾಕಿ ಆಗಾಗ ಕೆದಕಿದರೆ ಎರಡು ಮೂರು ತಿಂಗಳಿಗೆ ಗೊಬ್ಬರ. ತಿಪ್ಪೆ ಕಟ್ಟಿದ ರೈತನ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಮೇಷ್ಟ್ರುಗಳೇ, ನಾಳೆ ತರಗತಿಯಲ್ಲಿ ಕೇಳಿ: ನಿಮ್ಮ ಮನೆ ಕಸ ಯಾವ ಊರಿಗೆ ಹೋಗುತ್ತೆ? ಯಾರ ಕೈ ದಾಟಿ ಹೋಗುತ್ತೆ? ಉತ್ತರ ಹುಡುಕೋಕೆ ಮಕ್ಕಳನ್ನು ಬೀದಿಗೆ ಕರ್ಕೊಂಡು ಹೋಗಿ.