ದಾವಣಗೆರೆ ವಿಧಾನಸಭಾ ಕ್ಷೇತ್ರ: ಚುನಾವಣಾ ಇತಿಹಾಸ

ದಾವಣಗೆರೆ ನಗರಕ್ಕೆ ಮೊದಲು ಒಂದೇ ವಿಧಾನಸಭಾ ಕ್ಷೇತ್ರವಿತ್ತು. ಹಳೇ ಊರು, ಕೆ.ಬಿ. ಬಡಾವಣೆ, ಪಿ.ಜೆ. ಬಡಾವಣೆ ಎಲ್ಲವೂ ಅದರೊಳಗಿದ್ದವು. ಪುನರ್ವಿಂಗಡಣೆಯ ನಂತರ, 2008ರ ಚುನಾವಣೆಯಿಂದ, ಅದು ದಾವಣಗೆರೆ ಉತ್ತರ ಮತ್ತು ದಕ್ಷಿಣ ಎಂದು ಎರಡಾಯಿತು. ಈ ಕ್ಷೇತ್ರಗಳ ಇತಿಹಾಸವೆಂದರೆ ಕಾಂಗ್ರೆಸ್ಸಿನ ಶಾಮನೂರು ಕುಟುಂಬದ ಇತಿಹಾಸವೆಂದೇ ಹೇಳುವ ವಾಡಿಕೆಯಿದೆ. ಫಲಿತಾಂಶಗಳನ್ನು ಸಾಲಾಗಿಟ್ಟು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ. ಇಲ್ಲಿನ ಮತಕ್ಕೆ ರೂಪ ಕೊಟ್ಟದ್ದು ಊರಿನ ದುಡಿಮೆ ಮತ್ತು ಕ್ಷೇತ್ರದ ಗಡಿ.

ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನಲ್ಲಿ ಸೈರನ್ ಕೂಗಿದಾಗ ಪಾಳಿ ಬದಲಾಗುತ್ತಿತ್ತು. ಗಿರಣಿ ಬಾಗಿಲಲ್ಲೇ ಕಾರ್ಮಿಕ ಸಂಘದ ಸಭೆ ಸೇರುತ್ತಿತ್ತು. ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ 1978, 1983 ಮತ್ತು 1985ರಲ್ಲಿ ಇಲ್ಲಿಂದಲೇ ಗೆದ್ದರು. ಮೊದಲನೆಯದು ದೇವರಾಜ ಅರಸರ ಗೆಲುವಿನ ವರ್ಷ, ಎರಡನೆಯದರಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು, ಮೂರನೆಯದರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಬಹುಮತ ಸಿಕ್ಕಿತು. ರಾಜ್ಯದ ಗಾಳಿ ಎತ್ತ ಬೀಸಿದರೂ ದಾವಣಗೆರೆ ಕದಲಲಿಲ್ಲ. ಅದು ಪಂಪಾಪತಿಯವರ ವೈಯಕ್ತಿಕ ವರ್ಚಸ್ಸು, ಅಥವಾ ಪಕ್ಷಗಳ ಹೊಂದಾಣಿಕೆಯ ಫಲ ಎನ್ನುವವರುಂಟು. ವರ್ಚಸ್ಸು ಇತ್ತು ನಿಜ. ಆದರೆ ಅದು ಬೆಳೆದದ್ದು ಗಿರಣಿ ಕಾರ್ಮಿಕರ ನಡುವೆ. ಹೊಂದಾಣಿಕೆಯಲ್ಲೂ ಸೀಟು ಸಿಗುವುದು ನೆಲೆಯಿದ್ದ ಪಕ್ಷಕ್ಕೇ. ಗಿರಣಿಗಳು ಸೊರಗಿದ ಮೇಲೆ ಕಮ್ಯುನಿಸ್ಟ್ ಪಕ್ಷ ಇಲ್ಲಿ ಮತ್ತೆ ಗೆಲ್ಲಲಿಲ್ಲ. ಆ ದುಡಿಯುವ ಜನರನ್ನು ಬಿಟ್ಟು ಈ ಊರಿನ ರಾಜಕೀಯ ಇತಿಹಾಸ ಬರೆದರೆ ಅವರಿಗೆ ಅನ್ಯಾಯವಾಗುತ್ತದೆ.

1989ರಲ್ಲಿ ಕ್ಷೇತ್ರ ಕಾಂಗ್ರೆಸ್ಸಿಗೆ ಬಂತು. 1994 ಮತ್ತು 2004ರಲ್ಲಿ ಶಾಮನೂರು ಶಿವಶಂಕರಪ್ಪ, ನಡುವೆ 1999ರಲ್ಲಿ ಅವರ ಮಗ ಎಸ್.ಎಸ್. ಮಲ್ಲಿಕಾರ್ಜುನ ಗೆದ್ದರು. ಅಷ್ಟು ಹೊತ್ತಿಗೆ ಊರಿನ ಅನ್ನದ ದಾರಿ ಬದಲಾಗಿತ್ತು: 1958ರಲ್ಲಿ ಹುಟ್ಟಿ, ಶಿವಶಂಕರಪ್ಪ ಮುನ್ನಡೆಸಿದ ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜು, ಆಸ್ಪತ್ರೆಗಳು ಗಿರಣಿಯ ಜಾಗ ಹಿಡಿದಿದ್ದವು. ಹಾಗಿದ್ದರೆ ಕುಟುಂಬವೇ ಕಾರಣವಲ್ಲವೇ ಎಂದು ಕೇಳಬಹುದು. ಅದಕ್ಕೆ 2008ರ ನಂತರದ ಉತ್ತರ ಕ್ಷೇತ್ರವೇ ಉತ್ತರ. ಮಂಡಕ್ಕಿ ಭಟ್ಟಿಗಳ ಹಳೇ ಊರಿರುವ ದಕ್ಷಿಣದಲ್ಲಿ ಶಿವಶಂಕರಪ್ಪ 2008, 2013, 2018, 2023ರಲ್ಲಿ ಸತತವಾಗಿ ಗೆದ್ದರು. ಬಡಾವಣೆಗಳ ಜೊತೆಗೆ ಹಳ್ಳಿಗಳೂ ಸೇರಿರುವ ಉತ್ತರದಲ್ಲಿ ಬಿಜೆಪಿಯ ಎಸ್.ಎ. ರವೀಂದ್ರನಾಥ್ 2008 ಮತ್ತು 2018ರಲ್ಲಿ, ಮಲ್ಲಿಕಾರ್ಜುನ 2013 ಮತ್ತು 2023ರಲ್ಲಿ ಗೆದ್ದರು. ಪಕ್ಕದ ಮಾಯಕೊಂಡ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದದ್ದರಿಂದಲೇ ರವೀಂದ್ರನಾಥ್ ಅಲ್ಲಿಂದ ಇಲ್ಲಿಗೆ ಬಂದದ್ದು. ಒಂದೇ ಮನೆತನ, ಒಂದೇ ಪಕ್ಷ, ಒಂದೇ ಊರು. ಗಡಿಯ ಆಚೆ ಈಚೆ ಫಲಿತಾಂಶ ಮಾತ್ರ ಬೇರೆ.

ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಪಕ್ಕದ ಹರಿಹರದಲ್ಲಿ ದಾವಣಗೆರೆ ದಕ್ಷಿಣದಂಥ ಸ್ಥಿರತೆಯೇ ಕಾಣುವುದಿಲ್ಲ. ಅಲ್ಲಿ 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಮತ್ತೆ ಬಿಜೆಪಿ ಗೆದ್ದಿವೆ.