ಗಾಲಿಕುರ್ಚಿ ಮಾಡಲು ದೇಶ ದಾಟಿದವರು

ನರಸಿಂಹರಾಜಪುರ ತಾಲ್ಲೂಕಿನ ಸೀತೂರಿನ ಕಡೆ ಓಡಾಡಿದವರಿಗೆ ಗೊತ್ತು, ಮಲೆನಾಡಿನ ಮನೆಗಳು ಬಯಲುಸೀಮೆಯ ಹಾಗೆ ಸಾಲಾಗಿ ಇರುವುದಿಲ್ಲ. ತೋಟದಂಚಿಗೆ ಒಂದು, ದಿಬ್ಬದ ಮೇಲೆ ಇನ್ನೊಂದು. ಮನೆಯಿಂದ ರಸ್ತೆಗೆ ಬರಲು ದರೆ ಇಳಿಯಬೇಕು, ಹಳ್ಳದ ಮೇಲಿನ ಸಂಕ ದಾಟಬೇಕು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಎರಡು ಕಾಲೂ ಗಟ್ಟಿಯಿದ್ದವರೇ ಜಾರಿ ಬೀಳುತ್ತಾರೆ. ಆಸ್ಪತ್ರೆಯ ನುಣುಪು ನೆಲಕ್ಕೆಂದು ತಯಾರಾದ ಗಾಲಿಕುರ್ಚಿಯನ್ನು ಇಂಥ ಮನೆಗೆ ತಂದುಕೊಟ್ಟರೆ ಅದು ಜಗಲಿಯಿಂದ ಕೆಳಗಿಳಿಯುವುದಿಲ್ಲ.

ಅಂಗವಿಕಲರಿಗೆ ಸಾಧನ ಮಾಡಿಕೊಡಲೆಂದು ತಮ್ಮ ದೇಶ ಬಿಟ್ಟು ಹೋಗಿ ದುಡಿದ ಸ್ವಯಂಸೇವಕರು ಎಷ್ಟೋ ಮಂದಿ. ಅವರಲ್ಲಿ ಯಾರ ಕೆಲಸ ಉಳಿದು ಬೆಳೆಯಿತೋ ಅವರೆಲ್ಲರೂ ಮೊದಲು ಅರಿತದ್ದು ಈ ಜಗಲಿಯ ಸತ್ಯವನ್ನೇ. ಸಾಧನ ಅದನ್ನು ಬಳಸುವವರ ಮೈಗೂ ಹೊಂದಬೇಕು, ಅವರು ಬದುಕುವ ನೆಲಕ್ಕೂ ಹೊಂದಬೇಕು.

ಸಾಧನ ಸಲಕರಣೆ ಎಂದರೆ

ಊರುಗೋಲು, ಕಂಕುಳಿಗೆ ಕೊಡುವ ಕೋಲು, ಗಾಲಿಕುರ್ಚಿ, ಕೃತಕ ಕಾಲು, ಪೋಲಿಯೊ ಬಾಧಿತರು ಧರಿಸುವ ಕ್ಯಾಲಿಪರ್, ಶ್ರವಣ ಸಾಧನ, ಬಿಳಿ ಕೋಲು, ಕನ್ನಡಕ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ. ಸರ್ಕಾರಿ ಕಾಗದಗಳಲ್ಲಿ ಇವಕ್ಕೆ ‘ಸಾಧನ ಸಲಕರಣೆ’ ಎಂಬ ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಇಂಥ ಒಂದಾದರೂ ಸಾಧನ ಬೇಕು. ಅವರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ಸಿಕ್ಕಿಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತ್ತು. ಆಗ ಎಣಿಕೆಗೆ ತೆಗೆದುಕೊಂಡಿದ್ದು ಕೆಲವೇ ಬಗೆಯ ವೈಕಲ್ಯಗಳನ್ನು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಈಗ 21 ಬಗೆಗಳನ್ನು ಗುರುತಿಸುತ್ತದೆ.

ಮಲೆನಾಡಿನ ಕಾರಣಗಳು

ಹಿಂದೆ ಪೋಲಿಯೊದಿಂದ, ಈಗಲೂ ಅಪಘಾತ, ಸಕ್ಕರೆ ಕಾಯಿಲೆಗಳಿಂದ ಕಾಲಿನ ಬಲವನ್ನೋ ಕಾಲನ್ನೇ ಆಗಲಿ ಕಳೆದುಕೊಂಡವರು ಎಲ್ಲ ಕಡೆಯೂ ಇದ್ದಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಅಡಿಕೆ ಸೀಮೆಯಲ್ಲಿ ಇವುಗಳ ಜೊತೆಗೆ ಮರದ ಅಪಾಯವೂ ಸೇರುತ್ತದೆ. ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವುದು ಮಳೆಗಾಲದಲ್ಲೇ, ಮರದ ಮೈ ಒದ್ದೆಯಾಗಿರುವಾಗಲೇ. ಆಮೇಲೆ ಕೊನೆ ತೆಗೆಯುವ ಕಾಲ. ಅಷ್ಟೆತ್ತರದಿಂದ ಬಿದ್ದ ಕೊನೆಗಾರನ ಬೆನ್ನುಹುರಿಗೆ ಪೆಟ್ಟಾದರೆ ಸೊಂಟದ ಕೆಳಗೆ ಸ್ವಾಧೀನ ತಪ್ಪುತ್ತದೆ. ಈಚೆಗೆ ನೆಲದಲ್ಲಿ ನಿಂತೇ ಕೊನೆ ಇಳಿಸುವ, ಔಷಧಿ ಹೊಡೆಯುವ ಹಗುರ ಫೈಬರ್ ದೋಟಿಗಳು ಬಂದಿವೆ. ಅವನ್ನು ಕೃಷಿ ಉಪಕರಣ ಎನ್ನುತ್ತೇವೆ. ನನ್ನ ಲೆಕ್ಕದಲ್ಲಿ ಅವು ಅಂಗವೈಕಲ್ಯ ತಡೆಯುವ ಸಾಧನಗಳೂ ಹೌದು.

ಇನ್ನೊಂದು ಕಾರಣ ಹಂದಿಗೋಡು ಕಾಯಿಲೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಇದು ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ದಲಿತ ಸಮುದಾಯಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಮೂಳೆಯ ರೋಗ. ಸೊಂಟದ ಕೀಲು, ಬೆನ್ನುಮೂಳೆ ಸವೆಯುತ್ತವೆ, ನಡಿಗೆ ಕುಂಠಿತವಾಗುತ್ತದೆ. ಕೂಲಿ ಮಾಡಿ ಬದುಕುವ ಮನೆಗಳಿಗೆ ಇದು ಅನ್ನದ ಪ್ರಶ್ನೆ. ಇಂಥವರಿಗೆ ಬೇಕಾದ ಕೋಲು, ನಡೆಯುವ ಚೌಕಟ್ಟು, ಎತ್ತರಿಸಿದ ಶೌಚಪೀಠ ಯಾವುವೂ ದುಬಾರಿಯಲ್ಲ. ಆದರೆ ಅಳತೆ ತೆಗೆದು ಮಾಡಿಕೊಡುವವರು ಹತ್ತಿರದಲ್ಲಿ ಇರಬೇಕು.

ಸಾವಾರದ ಉದಾಹರಣೆ

ಮರದಿಂದ ಬಿದ್ದವರ ವಿಷಯದಲ್ಲಿ ನಮಗೆ ತೀರ ಹತ್ತಿರವಾದ ಉದಾಹರಣೆ ಬಾಂಗ್ಲಾದೇಶದ್ದು. ಬ್ರಿಟನ್ನಿನ ವ್ಯಾಲರಿ ಟೇಲರ್ ಎಂಬ ತರುಣ ಫಿಸಿಯೊಥೆರಪಿಸ್ಟ್ 1969ರಲ್ಲಿ ಸ್ವಯಂಸೇವಕಿಯಾಗಿ ಅಲ್ಲಿಗೆ ಬಂದರು. ಅದಿನ್ನೂ ಪೂರ್ವ ಪಾಕಿಸ್ತಾನವಾಗಿದ್ದ ಕಾಲ. ಬೆನ್ನುಹುರಿ ಪೆಟ್ಟಾದವರಿಗೆ ಚಿಕಿತ್ಸೆಯ ನಂತರ ಹೋಗಲು ಜಾಗವೇ ಇಲ್ಲದ್ದನ್ನು ಕಂಡು 1979ರಲ್ಲಿ ಢಾಕಾದ ಆಸ್ಪತ್ರೆಯೊಂದರ ಪಾಳುಬಿದ್ದ ಉಗ್ರಾಣದಲ್ಲಿ ಪುನರ್ವಸತಿ ಕೇಂದ್ರ ತೆರೆದರು. 1990ರಲ್ಲಿ ಅದು ಹತ್ತಿರದ ಸಾವಾರಕ್ಕೆ ಹೋಯಿತು. ಅಲ್ಲಿಗೆ ಬರುವವರಲ್ಲಿ ಮರದಿಂದ ಬಿದ್ದವರು, ತಲೆಹೊರೆ ಹೊತ್ತು ಕುತ್ತಿಗೆ ಮುರಿದುಕೊಂಡವರು ಬಹಳ. ಸ್ವಲ್ಪ ಕಾಲಕ್ಕೆಂದು ಬಂದ ವ್ಯಾಲರಿ ಅಲ್ಲೇ ಉಳಿದರು. 1998ರಲ್ಲಿ ಬಾಂಗ್ಲಾದೇಶ ಅವರಿಗೆ ಪೌರತ್ವ ಕೊಟ್ಟಿತು.

ಈ ಕೇಂದ್ರಕ್ಕೇ 1991ರಲ್ಲಿ ಇನ್ನೂ ಕೆಲವರು ಬ್ರಿಟಿಷ್ ತರುಣರು ಬಂದರು. ಅವರಲ್ಲಿ ಡೇವಿಡ್ ಕಾನ್‌ಸ್ಟಂಟೈನ್ ನೀರಿಗೆ ಧುಮುಕುವಾಗ ಕುತ್ತಿಗೆಗೆ ಪೆಟ್ಟಾಗಿ ಸ್ವತಃ ಗಾಲಿಕುರ್ಚಿ ಬಳಸುವವರು. ವಿನ್ಯಾಸ ಕಲಿಯುವಾಗ ಗೆಳೆಯ ಸೈಮನ್ ಗ್ಯೂ ಜೊತೆ ಸೇರಿ ಕಡಿಮೆ ಖರ್ಚಿನ ಗಾಲಿಕುರ್ಚಿಯ ನಕ್ಷೆ ಮಾಡಿ ಬಹುಮಾನ ಪಡೆದಿದ್ದರು. ನಕ್ಷೆಯನ್ನು ಕಳಿಸಿ ಸುಮ್ಮನಾಗದೆ ತಾವೇ ಬಂದು, ಪೇಟೆಯಲ್ಲಿ ಸಿಗುವ ಕೊಳವೆ, ಸೈಕಲ್ ಭಾಗಗಳಿಂದ ಅಲ್ಲಿನವರೇ ಕುರ್ಚಿ ಮಾಡುವ ಕಾರ್ಯಾಗಾರ ಕಟ್ಟಿದರು. ‘ಮೋಟಿವೇಶನ್’ ಸಂಸ್ಥೆ ಹುಟ್ಟಿದ್ದು ಹೀಗೆ. ಅವರ ಹೆಸರಾಂತ ಕುರ್ಚಿಗೆ ಮೂರು ಗಾಲಿ, ಮುಂದಿನ ಗಾಲಿ ಬಹಳ ಮುಂದಕ್ಕೆ ಚಾಚಿರುತ್ತದೆ. ಉಬ್ಬುತಗ್ಗಿನ ನೆಲದಲ್ಲಿ ನಾಲ್ಕು ಗಾಲಿಗಳಲ್ಲಿ ಒಂದು ಅಂತರದಲ್ಲೇ ನಿಲ್ಲುತ್ತದೆ, ಮೂರು ಗಾಲಿ ಯಾವಾಗಲೂ ನೆಲ ಕಚ್ಚುತ್ತವೆ. ಅಡಿಗೆಮನೆಯ ಮುಕ್ಕಾಲಿಯ ತತ್ವವೇ ಇದು.

ನಾಲ್ವರಿಗೆ ಒಂದೇ ಕುರ್ಚಿ

ಅಮೆರಿಕದ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್ ಮೋಟಾರ್‌ಸೈಕಲ್ ಅಪಘಾತದಿಂದ ನಡಿಗೆ ಕಳೆದುಕೊಂಡವರು. 1980ರಲ್ಲಿ ನಿಕರಾಗುವಾಕ್ಕೆ ಹೋದಾಗ ಒಂದೇ ಗಾಲಿಕುರ್ಚಿಯನ್ನು ಹಂಚಿಕೊಂಡು ಬಳಸುತ್ತಿದ್ದ ನಾಲ್ವರು ಯುವಕರನ್ನು ಕಂಡರು. ಅದನ್ನು ಅವರೇ ಬೆಸುಗೆ ಹಾಕಿ, ಬಲಪಡಿಸಿ ಓಡಿಸುತ್ತಿದ್ದರು. ಹಾಚ್‌ಕಿಸ್ ಕಲಿಸಲು ಹೋದವರು, ಆ ಹುಡುಗರಿಂದ ಕಲಿತೂ ಬಂದರು. ಅವರು ಬೆಳೆಸಿದ ‘ವರ್ಲ್‌ವಿಂಡ್’ ಕುರ್ಚಿಯ ಮುಂದಿನ ಅಗಲವಾದ ರಬ್ಬರ್ ಗಾಲಿ ಜಿಂಬಾಬ್ವೆಯಲ್ಲಿ ರೂಪುಗೊಂಡದ್ದು; ಇವತ್ತಿಗೂ ಅದಕ್ಕೆ ‘ಜಿಂಬಾಬ್ವೆ ಗಾಲಿ’ ಎಂದೇ ಹೆಸರು. ಸಣ್ಣ ಗಟ್ಟಿ ಗಾಲಿ ಮರಳಲ್ಲಿ, ಕೆಸರಲ್ಲಿ ಹೂತುಹೋಗುತ್ತದೆ. ಅಗಲವಾದದ್ದು ಮೇಲೆ ತೇಲಿದಂತೆ ಸಾಗುತ್ತದೆ. ಗದ್ದೆಯ ಅಂಚಿನಲ್ಲಿ ಕೈಗಾಡಿ ತಳ್ಳಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಕಾಬೂಲಿನಲ್ಲಿ ರೆಡ್‌ಕ್ರಾಸ್‌ನ ಕೃತಕ ಅಂಗ ಕೇಂದ್ರಕ್ಕೆ 1990ರಲ್ಲಿ ಬಂದ ಇಟಲಿಯ ಅಲ್ಬೆರ್ತೊ ಕೈರೊ ಇನ್ನೊಂದು ಹೆಜ್ಜೆ ಮುಂದೆ ಹೋದರು. ನೆಲಬಾಂಬಿಗೆ ಕಾಲು ಕಳೆದುಕೊಂಡು ಬಂದವರಿಗೇ ಕಾಲು ಮಾಡುವ ಕೆಲಸ ಕಲಿಸಿ, ಅಲ್ಲೇ ಉದ್ಯೋಗ ಕೊಟ್ಟರು. ಹೊಸದಾಗಿ ಬಂದ ರೋಗಿಗೆ ಅಳತೆ ತೆಗೆಯುವವನೂ ಕೃತಕ ಕಾಲಿನಲ್ಲೇ ನಿಂತಿರುತ್ತಾನೆ. ಆ ಧೈರ್ಯವನ್ನು ಯಾವ ವೈದ್ಯರ ಮಾತೂ ಕೊಡಲಾರದು.

ಜೈಪುರದಿಂದ ಹೊರಕ್ಕೆ

ಸಹಾಯವೆಲ್ಲ ಪಶ್ಚಿಮದಿಂದಲೇ ಬಂತೆಂದು ತಿಳಿಯಬಾರದು. 1968ರಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ರೂಪಿಸಿದ ಪಾದ ಜಗತ್ತಿಗೆ ಹೋಯಿತು. ಪಶ್ಚಿಮದ ಆಗಿನ ಕೃತಕ ಪಾದ ಬೂಟಿನೊಳಗೆ ಇರಬೇಕಿತ್ತು. ಅದನ್ನು ಹಾಕಿಕೊಂಡು ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಗದ್ದೆಗೆ ಇಳಿಯುವಂತಿಲ್ಲ. ಜೈಪುರ ಪಾದದ ರಬ್ಬರ್ ಎಲ್ಲ ದಿಕ್ಕಿಗೂ ಮಣಿಯುತ್ತದೆ, ಬರಿಗಾಲಲ್ಲೇ ಓಡಾಡಬಹುದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಡಿ.ಆರ್. ಮೆಹ್ತಾ 1975ರಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಈ ಕಾಲನ್ನು ಉಚಿತವಾಗಿ ಹಂಚುತ್ತ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಅನೇಕ ದೇಶಗಳಲ್ಲಿ ಶಿಬಿರ ನಡೆಸಿದೆ. ಈ ಕಾಲಿಗೆ ಅಗ್ಗದ ಮೊಣಕಾಲ ಕೀಲು ರೂಪಿಸಲು ನೆರವಾದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು.

ಬೆಂಗಳೂರಿನ ಪಾತ್ರ

ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಎನ್.ಎಸ್. ಹೇಮಾ 1959ರಲ್ಲೇ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದರು. ಎಪಿಡಿ ಎಂದು ಪ್ರಸಿದ್ಧವಾದ ಆ ಸಂಸ್ಥೆ ಲಿಂಗರಾಜಪುರದಲ್ಲಿದೆ. 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಜೆ.ಪಿ. ನಗರದಲ್ಲಿ ಕೃತಕ ಅಂಗ, ಕ್ಯಾಲಿಪರ್, ಗಾಲಿಕುರ್ಚಿ ಮಾಡುವ ಜೊತೆಗೆ ಆ ವಿದ್ಯೆಯನ್ನೂ ಕಲಿಸುತ್ತದೆ. ಹೊರದೇಶಗಳ ವಿದ್ಯಾರ್ಥಿಗಳೂ ಇಲ್ಲಿಗೆ ಬಂದು ಕಲಿತು ತಮ್ಮೂರಿಗೆ ಮರಳಿದ್ದಾರೆ. ಗಂಡಸರದ್ದೇ ಆಗಿದ್ದ ಈ ಕಸುಬಿಗೆ ಹೆಣ್ಣುಮಕ್ಕಳನ್ನು ತಂದದ್ದು ಈ ಸಂಸ್ಥೆಯ ದೊಡ್ಡ ಕೆಲಸ. ಕಾಲು ಕಳೆದುಕೊಂಡ ಹೆಂಗಸು ಅಳತೆ ಕೊಡಲು ಸಂಕೋಚಪಟ್ಟು ಮನೆಯಲ್ಲೇ ಉಳಿಯುವುದು ಇದರಿಂದ ತಪ್ಪಿತು. ಇದರ ಸ್ಥಾಪಕರಲ್ಲೊಬ್ಬರಾದ ಚಪಲ್ ಖಸ್ನಬೀಸ್ ಮುಂದೆ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಇದೇ ವಿಷಯದ ಹೊಣೆ ಹೊತ್ತರು. ಶ್ರವಣ ಸಾಧನದ ಮಾತು ಬಂದರೆ, 1965ರಿಂದ ಇರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ.

ಒಂದು ಕಾಲು ತಯಾರಾಗುವ ಬಗೆ

ಮೊಣಕಾಲ ಕೆಳಗೆ ಕತ್ತರಿಸಿದ ಕಾಲಿನ ಉಳಿದ ಭಾಗಕ್ಕೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾರೆ. ಅದು ಗಟ್ಟಿಯಾದ ಮೇಲೆ ಬಿಚ್ಚಿದರೆ ಟೊಳ್ಳು ಅಚ್ಚು. ಅದರೊಳಗೆ ಪ್ಲಾಸ್ಟರ್ ಸುರಿದರೆ ಕಾಲಿನದೇ ಪಡಿಯಚ್ಚು ಸಿಗುತ್ತದೆ. ಕಸುಬು ಇರುವುದು ಇದರ ಮುಂದೆ. ಭಾರ ತಡೆಯಬಲ್ಲ ಜಾಗದಲ್ಲಿ, ಅಂದರೆ ಮಂಡಿಚಿಪ್ಪಿನ ಕೆಳಗಿನ ಗಟ್ಟಿ ನಾರಿನ ಬಳಿ, ಅಚ್ಚನ್ನು ತುಸು ಕೆರೆಯುತ್ತಾರೆ. ಎಲುಬು ಚರ್ಮಕ್ಕೆ ತಾಗಿಕೊಂಡಿರುವ ಜಾಗಕ್ಕೆ ಪ್ಲಾಸ್ಟರ್ ಮೆತ್ತಿ ಎತ್ತರಿಸುತ್ತಾರೆ. ಆಮೇಲೆ ಕಾದು ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹೊದಿಸಿ, ಗಾಳಿ ಎಳೆದು ಅಂಟಿಸುತ್ತಾರೆ. ಆರಿದ ಮೇಲೆ ಕಾಲು ಕೂರುವ ಗೂಡು ಸಿದ್ಧ. ಅದಕ್ಕೆ ಪಾದ ಜೋಡಿಸಿ, ಎರಡು ಸರಳುಗಳ ನಡುವೆ ನಡೆಸಿ, ಹಿಮ್ಮಡಿ ಎಲ್ಲಿ ಊರುತ್ತದೆ, ಮಂಡಿ ಎತ್ತ ವಾಲುತ್ತದೆ ಎಂದು ನೋಡಿ ಮತ್ತೆ ಮತ್ತೆ ಸರಿಪಡಿಸುತ್ತಾರೆ. ಕೆರೆಯುವುದರಲ್ಲಿ ಸ್ವಲ್ಪ ತಪ್ಪಿದರೂ ಹುಣ್ಣಾಗುತ್ತದೆ, ಕಾಲು ಮೂಲೆ ಸೇರುತ್ತದೆ. ಬೆಳೆಯುವ ಮಕ್ಕಳಿಗಂತೂ ಕೆಲವು ತಿಂಗಳಿಗೊಮ್ಮೆ ಹೊಸ ಗೂಡು ಬೇಕಾಗುತ್ತದೆ.

ಗಾಲಿಕುರ್ಚಿಯದ್ದೂ ಇದೇ ಕಥೆ. ಆಸನ ಸೊಂಟದಷ್ಟೇ ಅಗಲ ಇರಬೇಕು, ಮಂಡಿಯ ಹಿಂದೆ ಎರಡು ಬೆರಳಿನ ಸಂದು ಉಳಿಯಬೇಕು, ಪಾದ ಜೋತಾಡಬಾರದು. ಸ್ಪರ್ಶ ತಿಳಿಯದವರಿಗೆ ಒಳ್ಳೆಯ ದಿಂಬಿಲ್ಲದ ಕುರ್ಚಿ ಕೊಟ್ಟರೆ ಒತ್ತುಹುಣ್ಣಾಗುತ್ತದೆ. ನಂಜೇರಿದರೆ ಅದೇ ಪ್ರಾಣ ತೆಗೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಗಾಲಿಕುರ್ಚಿ ಸೇವೆಗೆ ಎಂಟು ಹಂತ ಹೇಳಿತ್ತು. ಕುರ್ಚಿ ಸಿದ್ಧಪಡಿಸುವುದು ಅವುಗಳಲ್ಲಿ ಒಂದು ಮಾತ್ರ. ಕೊನೆಯದು ದುರಸ್ತಿ. ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ ಒಂದೇ ಅಳತೆಯ ಕುರ್ಚಿ ಹಂಚುವ ಸಮಾರಂಭಗಳಲ್ಲಿ ಉಳಿದ ಏಳು ಹಂತಗಳು ಬಿಟ್ಟುಹೋಗುತ್ತವೆ. ಇದನ್ನು ನಾನು ದಾನ ಎನ್ನಲಾರೆ.

ಮನೆಯಿಂದಲೇ ಮಾಡುವ ಸೇವೆ

ಅಮೆರಿಕದ ಐವನ್ ಓವನ್ ಮತ್ತು ಬೆರಳು ಕಳೆದುಕೊಂಡಿದ್ದ ದಕ್ಷಿಣ ಆಫ್ರಿಕಾದ ಬಡಗಿ ರಿಚರ್ಡ್ ವ್ಯಾನ್ ಆ್ಯಸ್ ದೂರದಿಂದಲೇ ಜೊತೆಗೂಡಿ 3ಡಿ ಪ್ರಿಂಟರ್‌ನಲ್ಲಿ ಅಚ್ಚಾಗುವ ಕೈಯೊಂದನ್ನು ರೂಪಿಸಿದರು. ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸಲೆಂದು 2013ರಲ್ಲಿ ಬಿಟ್ಟುಕೊಟ್ಟರು. ಅದೇ ವರ್ಷ ಹುಟ್ಟಿದ ‘ಇನೇಬಲ್’ ಸ್ವಯಂಸೇವಕ ಬಳಗ ಹತ್ತಾರು ದೇಶಗಳಿಗೆ ಹರಡಿತು. ಮಣಿಕಟ್ಟು ಮಡಿಸಿದರೆ ದಾರ ಎಳೆದು ಬೆರಳು ಮುಚ್ಚುತ್ತವೆ. ಮಣಿಕಟ್ಟೇ ಇಲ್ಲದವರಿಗೆ ಇದು ಕೆಲಸಕ್ಕೆ ಬಾರದು, ಕತ್ತಿ ಹಿಡಿಯುವ ಬಲವೂ ಇದಕ್ಕಿಲ್ಲ. ಮಕ್ಕಳಿಗೆ ಒಳ್ಳೆಯದು.

ಹೊರದೇಶಕ್ಕೆ ಹೋಗಬೇಕೆನ್ನುವವರಿಗೆ

ಭಾರತದಲ್ಲಿ ಕೃತಕ ಅಂಗ ಅಳವಡಿಸುವವರು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಇಲ್ಲಿ ನಮ್ಮವರ ಮೇಲೆ ಮಾಡಬಾರದ ಪ್ರಯೋಗವನ್ನು ಆಫ್ರಿಕಾದ ಬಡವರ ಮೇಲೂ ಮಾಡಬಾರದು. ತರಬೇತಿ ಇಲ್ಲದ ಉತ್ಸಾಹಿಗಳಿಗೂ ಕೆಲಸವಿದೆ: ಬೆಸುಗೆ, ಮರಗೆಲಸ, ಹೊಲಿಗೆ, ಲೆಕ್ಕಪತ್ರ, ಅನುವಾದ. ಹೋಗುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು. ನೀವು ಹಿಂದಿರುಗಿದ ಮೇಲೆ ಆ ಕೆಲಸ ಯಾರು ಮುಂದುವರಿಸುತ್ತಾರೆ? ಬಿಡಿಭಾಗ ಅಲ್ಲಿನ ಸಂತೆಯಲ್ಲಿ ಸಿಗುತ್ತದೆಯೆ? ಸಂಸ್ಥೆಯ ತೀರ್ಮಾನಗಳಲ್ಲಿ ಅಂಗವಿಕಲರು ಇದ್ದಾರೆಯೆ?

ಸೀತೂರಿನಂಥ ಊರಿನಲ್ಲಿ

ಬೆನ್ನುಹುರಿ ಪೆಟ್ಟಾದವರಿಗೆ ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಧಾಮ ಎಂಬ ಪುನರ್ವಸತಿ ಕೇಂದ್ರವಿದೆ. ಅದನ್ನು ನಡೆಸುವವರಲ್ಲೇ ಗಾಲಿಕುರ್ಚಿ ಬಳಸುವವರಿದ್ದಾರೆ. ಸಾಧನ ಸಲಕರಣೆ ಕೇಳಲು ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಸಾಧನ ಸಲಕರಣೆ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ನಡೆಯುತ್ತಿದೆ. ಮೊದಲು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿಕೊಳ್ಳಿ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಬಳಸದೆ ಮೂಲೆಗಿಟ್ಟ ಗಾಲಿಕುರ್ಚಿ, ಕಾಲು, ಕ್ಯಾಲಿಪರ್ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಅದು ಏಕೆ ಮೂಲೆ ಸೇರಿತು, ಎಲ್ಲಿ ಒತ್ತಿತು, ಯಾವ ಮೆಟ್ಟಿಲು ಹತ್ತಲಿಲ್ಲ ಎಂದು ಬಳಸಬೇಕಾಗಿದ್ದವರನ್ನೇ ಕೇಳಿ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಬರೆದು ಕೊಡಿ.