ಸರ್ಫ್ ಹಲಗೆ ನುಣುಪಾದ ಕಥೆ

ಮೂಲ್ಕಿ ಕಡೆ ಹೋದವರು ನೋಡಿರುತ್ತೀರಿ. ಹುಡುಗರು ಉದ್ದನೆಯ ಹಲಗೆ ಹಿಡಿದು ಕಡಲಿಗಿಳಿಯುತ್ತಾರೆ, ಅಲೆಯ ಮೇಲೆ ನಿಂತು ದಡಕ್ಕೆ ಜಾರಿ ಬರುತ್ತಾರೆ. ಅದೇ ಸರ್ಫಿಂಗ್. ಆ ಹಲಗೆಯ ಮೈಗೆ ಅಷ್ಟು ನುಣುಪು ಹೇಗೆ ಬಂತು ಎಂದು ನಾವು ಹುಡುಕಿ ಹೊರಟೆವು.

ಈ ಆಟ ಹೆಚ್ಚಾಗಿ ಬೆಳೆದದ್ದು ಹವಾಯಿ ದ್ವೀಪಗಳಲ್ಲಿ. ಅಲ್ಲಿನವರು ಕೋವಾ ಮರದಲ್ಲಿ, ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ಮರದಲ್ಲಿ ಹಲಗೆ ಕೆತ್ತುತ್ತಿದ್ದರು. ಹವಳದ ಕಲ್ಲಿನಿಂದ ಉಜ್ಜಿ, ಕುಕುಯಿ ಕಾಯಿಯ ಎಣ್ಣೆ ಸವರುತ್ತಿದ್ದರು.

20ನೇ ಶತಮಾನದಲ್ಲಿ ಆಟ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಬ್ಬಿತು. ಅಲ್ಲಿ ಎಣ್ಣೆಯ ಬದಲು ವಾರ್ನಿಷ್ ಬಳಿದರು. ವಾರ್ನಿಷ್ ಬಿರುಕು ಬಿಟ್ಟರೆ ಮರ ನೀರು ಕುಡಿಯುತ್ತಿತ್ತು. ಕೆಲವು ಹಲಗೆಗಳ ತೂಕ 40 ಕಿಲೋ ದಾಟುತ್ತಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಗಾಜಿನ ಎಳೆಯ ಬಟ್ಟೆ ಮತ್ತು ಅದನ್ನು ಗಟ್ಟಿ ಮಾಡುವ ರೆಸಿನ್ ಎಂಬ ಅಂಟು ಬಂದವು. 1946ರಲ್ಲಿ ಪೀಟ್ ಪೀಟರ್ಸನ್ ಫೈಬರ್‌ಗ್ಲಾಸ್ ಹಲಗೆ ಮಾಡಿದರು. ಬಾಬ್ ಸಿಮನ್ಸ್ ಹಗುರವಾದ ಬಾಲ್ಸಾ ಮರಕ್ಕೆ ಗಾಜಿನ ಬಟ್ಟೆ ಹೊದಿಸಿದರು. 1950ರ ದಶಕದ ಕೊನೆಗೆ ಹೋಬಿ ಆಲ್ಟರ್, ಗೋರ್ಡನ್ ಕ್ಲಾರ್ಕ್ ಮರದ ಬದಲು ಫೋಮ್ ತಂದರು.

ಆದರೆ ಎರಡು ತೊಡಕಿದ್ದವು. ಬಟ್ಟೆಯ ನೇಯ್ಗೆ ಮೇಲೆಯೇ ಕಾಣುತ್ತಿತ್ತು. ಗಾಳಿ ತಾಗಿದರೆ ಪಾಲಿಯೆಸ್ಟರ್ ರೆಸಿನ್ನಿನ ಮೇಲ್ಮೈ ಪೂರ್ತಿ ಒಣಗದೆ ಜಿಗುಟಾಗಿಯೇ ಉಳಿಯುತ್ತಿತ್ತು. ಜಿಗುಟನ್ನು ಉಜ್ಜಿದರೆ ಉಪ್ಪುಕಾಗದ ಕಟ್ಟಿಕೊಳ್ಳುತ್ತದೆ.

ಇದಕ್ಕೆ ಮೇಣ ನೆರವಾಯಿತು. ಮೊದಲ ಪದರದ ರೆಸಿನ್ನನ್ನು ಬಟ್ಟೆಗೆ ಹೀರಿಸಿ, ಹೆಚ್ಚಾದದ್ದನ್ನು ಎಳೆದು ತೆಗೆಯುತ್ತಾರೆ. ಎರಡನೇ ಪದರಕ್ಕೆ ಚೂರು ಮೇಣ ಬೆರೆಸುತ್ತಾರೆ. ಮೇಣ ಮೇಲಕ್ಕೆ ತೇಲಿ, ಹಾಲಿನ ಕೆನೆಯಂತೆ ಹರಡಿ ಗಾಳಿಯನ್ನು ತಡೆಯುತ್ತದೆ. ಅಡಿಯ ರೆಸಿನ್ ಗಟ್ಟಿಯಾಗುತ್ತದೆ, ನೇಯ್ಗೆಯ ಗುಂಡಿಗಳು ತುಂಬುತ್ತವೆ.

ಆಮೇಲೆ ಒರಟು ಕಾಗದದಿಂದ ಶುರು ಮಾಡಿ ನಯವಾದ ಕಾಗದದವರೆಗೆ ಉಜ್ಜಬೇಕು. ಇಲ್ಲಿ ಕೈ ಹದ ಬೇಕು. ಕಡಿಮೆ ಉಜ್ಜಿದರೆ ಉಬ್ಬುತಗ್ಗು ಉಳಿಯುತ್ತದೆ, ಹೆಚ್ಚು ಉಜ್ಜಿದರೆ ಬಟ್ಟೆಯೇ ಕತ್ತರಿಸಿ ಹಲಗೆಯ ಬಲ ಹೋಗುತ್ತದೆ. ಕೊನೆಗೆ ತೆಳುವಾದ ಹೊಳಪಿನ ಪದರ, ಮತ್ತೆ ಪಾಲಿಶ್.

ಚರಿತ್ರೆಯಲ್ಲಿ ಹೆಚ್ಚಾಗಿ ಉಳಿದಿರುವುದು ಹಲಗೆಗೆ ಆಕಾರ ಕೊಟ್ಟವರ ಹೆಸರು. ಬಟ್ಟೆ ಹೊದಿಸಿದವರು, ದಿನವಿಡೀ ಉಜ್ಜಿದವರು ನೆನಪಾಗುವುದು ಕಡಿಮೆ. ಗಾಜಿನ ದೂಳು, ರೆಸಿನ್ನಿನ ಘಾಟು ಸೇರಿದ್ದು ಅವರ ಎದೆಗೆ.

ನಮ್ಮ ಕಡಲ ದಂಡೆಯಲ್ಲೂ ಫೈಬರ್ ದೋಣಿ ಕಟ್ಟುವವರು, ತೇಪೆ ಹಾಕುವವರು ಇದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಆ ಕೆಲಸಕ್ಕೆ ಹೋಗುತ್ತಿದ್ದರೆ ಮೂಗಿಗೆ ಬರೀ ಟವೆಲ್ ಸಾಲದು ಎಂದು ಹೇಳಿ. ದೂಳನ್ನೂ ಘಾಟನ್ನೂ ತಡೆಯುವ ಫಿಲ್ಟರ್ ಮಾಸ್ಕ್ ಬೇಕು.